ಕೋಲುಕುದುರೆಯ ಸ್ಪರ್ಧೆ: ನಿಯಮಗಳು ಬೆಳೆದು ಬಂದ ದಾರಿ

ಕುದುರೆ ಸವಾರಿಯ ಸ್ಪರ್ಧೆಯಲ್ಲಿ ಅಂಗಳಕ್ಕಿಳಿಯುವುದು ಎರಡು ಜೀವಗಳು. ಅನುಭವಿ ತೀರ್ಪುಗಾರರು ತಪ್ಪು ಕುದುರೆಯದೋ ಸವಾರನದೋ ಎಂಬುದನ್ನು ಬಿಡಿಸಿ ನೋಡಬಲ್ಲರು. ಆದರೆ ಕೋಲಿನ ತುದಿಗೆ ಬಟ್ಟೆಯ ಕುದುರೆಮುಖ ಸಿಕ್ಕಿಸಿ, ಆ ಕೋಲನ್ನು ಕಾಲುಗಳ ನಡುವೆ ಹಿಡಿದು ಅಡೆತಡೆಗಳನ್ನು ಹಾರುವ ಹುಡುಗಿಯ ವಿಷಯದಲ್ಲಿ ಸವಾರಳೂ ಅವಳೇ, ಕುದುರೆಯೂ ಅವಳೇ. ಅಂಕ ಕೊಡುವುದು ಯಾರಿಗೆ? ಯಾವುದಕ್ಕೆ? ಫಿನ್ಲೆಂಡಿನ ಹದಿಹರೆಯದವರು ಕಳೆದ ಎರಡು ದಶಕಗಳಲ್ಲಿ ಈ ಪ್ರಶ್ನೆಗೆ ಕಂಡುಕೊಂಡ ಉತ್ತರಗಳೇ ಹಾಬಿಹಾರ್ಸಿಂಗ್ ಎಂಬ ಕ್ರೀಡೆಯ ನಿಯಮಗಳಾಗಿ ರೂಪುಗೊಂಡಿವೆ. ಮಕ್ಕಳಾಟ ಎಂದು ನಕ್ಕು ಮುಂದೆ ಹೋಗುವವರು ಈ ನಿಯಮಗಳನ್ನು ಒಮ್ಮೆ ಓದಬೇಕು. ಒಂದು ಕ್ರೀಡೆ ಹುಟ್ಟುವುದು ಹೇಗೆ ಎಂಬುದು ನಮ್ಮ ಕಣ್ಣೆದುರಿಗೇ ಇಷ್ಟು ಸ್ಪಷ್ಟವಾಗಿ ನಡೆದಿರುವುದು ಅಪರೂಪ.

ಹಳೆಯ ಆಟಿಕೆ, ಹಳೆಯ ನಾಚಿಕೆ

ಕೋಲುಕುದುರೆ ಬಹು ಹಳೆಯ ಆಟಿಕೆ. ಸ್ಪಾರ್ಟಾದ ದೊರೆ ಅಗೆಸಿಲಾಸ್ ತನ್ನ ಮಕ್ಕಳೊಡನೆ ಮನೆಯಲ್ಲಿ ಕೋಲಿನ ಕುದುರೆ ಏರಿ ಆಡುತ್ತಿದ್ದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಅದನ್ನು ಕಂಡ ಗೆಳೆಯನಿಗೆ, ನೀನೂ ತಂದೆಯಾಗುವವರೆಗೆ ಇದನ್ನು ಯಾರಿಗೂ ಹೇಳಬೇಡ ಎಂದು ದೊರೆ ಕೇಳಿಕೊಂಡನಂತೆ. ಪೀಟರ್ ಬ್ರೂಗೆಲ್ 1560ರಲ್ಲಿ ಚಿತ್ರಿಸಿದ, ಈಗ ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿರುವ ‘ಮಕ್ಕಳ ಆಟಗಳು’ ವರ್ಣಚಿತ್ರದಲ್ಲೂ ಕೋಲುಕುದುರೆಯ ಮೇಲೊಂದು ಮಗುವಿದೆ. ಶತಮಾನಗಳ ಕಾಲ ಇದು ಚಿಕ್ಕಮಕ್ಕಳ ಪಾಲಿನ ಆಟವಾಗಿಯೇ ಉಳಿಯಿತು. ಬೆಳೆದವರು ಆಡಿದರೆ ಅಗೆಸಿಲಾಸನಂತೆ ಗುಟ್ಟಾಗಿಯೇ ಆಡಬೇಕಿತ್ತು.

ಫಿನ್ಲೆಂಡಿನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಬದಲಾವಣೆ ಆರಂಭವಾಯಿತು. ಅಲ್ಲಿ ಕುದುರೆ ಸವಾರಿ ಹುಡುಗಿಯರ ಅತಿ ಮೆಚ್ಚಿನ ಹವ್ಯಾಸಗಳಲ್ಲಿ ಒಂದು. ಲಾಯದ ಶುಲ್ಕ, ತರಬೇತಿ, ಕುದುರೆಯ ಆರೈಕೆ ಎಲ್ಲವೂ ದುಬಾರಿಯಾದ್ದರಿಂದ ಆಸೆಯಿದ್ದವರಿಗೆಲ್ಲ ಅದು ಕೈಗೆಟುಕುವುದಿಲ್ಲ. ಮನೆಯಲ್ಲೇ ಹೊಲಿದ ಕುದುರೆಮುಖ, ಹಿತ್ತಲಿನಲ್ಲಿ ಜೋಡಿಸಿದ ಅಡ್ಡಗೋಲುಗಳು, ಕಾಡಿನ ಹಾದಿ ಇಷ್ಟಿದ್ದರೆ ಅಭ್ಯಾಸ ಶುರುವಾಗುತ್ತಿತ್ತು. ನಿಜವಾದ ಕುದುರೆ ಸವಾರಿ ಕಲಿಯುತ್ತಿದ್ದ ಅನೇಕರೂ ಇದರ ಜೊತೆಗೂಡಿದರು. ಸಹಪಾಠಿಗಳ ಅಪಹಾಸ್ಯಕ್ಕೆ ಹೆದರಿ ಹವ್ಯಾಸವನ್ನು ಮುಚ್ಚಿಟ್ಟವರಿಗೆ ಅಂತರ್ಜಾಲವೇ ಭೇಟಿಯ ತಾಣವಾಯಿತು. ಹೊಲಿಗೆಯ ಮಾದರಿಗಳು, ಅಭ್ಯಾಸದ ವಿಡಿಯೊಗಳು, ಸ್ಪರ್ಧೆಯ ಆಹ್ವಾನಗಳು ಅಲ್ಲೇ ಓಡಾಡಿದವು. ದೂರದೂರದ ಊರುಗಳವರು ಮೈದಾನದಲ್ಲಿ ಮುಖಾಮುಖಿಯಾದಾಗ, ನನ್ನ ಊರಿನ ಲೆಕ್ಕ ನಿನ್ನ ಊರಿನ ಲೆಕ್ಕಕ್ಕೆ ತಾಳೆಯಾಗಬೇಕಾಯಿತು. ನಿಯಮಗಳು ಹುಟ್ಟಿದ್ದು ಈ ಅಗತ್ಯದಿಂದ.

ಕ್ರಮೇಣ ಹವ್ಯಾಸಿಗಳದೇ ರಾಷ್ಟ್ರೀಯ ಸಂಘವೊಂದು ರೂಪುಗೊಂಡಿತು. 2010ರ ದಶಕದ ಆರಂಭದಿಂದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯತೊಡಗಿತು. 2017ರಲ್ಲಿ ಸೆಲ್ಮಾ ವಿಲ್‌ಹುನೆನ್ ನಿರ್ದೇಶಿಸಿದ ‘ಹಾಬಿಹಾರ್ಸ್ ರೆವಲ್ಯೂಷನ್’ ಸಾಕ್ಷ್ಯಚಿತ್ರ ತೆರೆ ಕಂಡ ಮೇಲೆ ಈ ಹುಡುಗಿಯರ ಲೋಕ ಮೊದಲ ಬಾರಿಗೆ ದೊಡ್ಡ ಸಮಾಜಕ್ಕೆ ಪರಿಚಯವಾಯಿತು. ಜಗತ್ತಿನ ಪತ್ರಿಕೆಗಳು ಫಿನ್ಲೆಂಡಿಗೆ ಬಂದವು. 2019ರಲ್ಲಿ ಸೆಯಿನ್ಯಾಯೋಕಿ ಪಟ್ಟಣದ ಚಾಂಪಿಯನ್‌ಷಿಪ್‌ನಲ್ಲಿ 400ಕ್ಕೂ ಹೆಚ್ಚು ಸ್ಪರ್ಧಿಗಳು ಪಾಲ್ಗೊಂಡರು.

ಎರವಲು ತಂದ ಚೌಕಟ್ಟು

ನಿಯಮ ಬರೆಯಲು ಕುಳಿತವರ ಮುಂದೆ ಸಿದ್ಧ ಮಾದರಿಯೊಂದಿತ್ತು. 1921ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟದ ನಿಯಮಗಳು ನೂರು ವರ್ಷಗಳಿಂದ ತಿದ್ದುಪಡಿಯಾಗುತ್ತ ಬಂದಿವೆ. ಡ್ರೆಸಾಜ್ (ಶಿಸ್ತುಬದ್ಧ ಚಲನೆಗಳ ಪ್ರದರ್ಶನ), ಷೋ ಜಂಪಿಂಗ್ (ಅಡೆತಡೆ ಹಾರುವುದು), ಇವೆಂಟಿಂಗ್ (ಈ ಎರಡರ ಜೊತೆಗೆ ಕ್ರಾಸ್‌ಕಂಟ್ರಿ ಓಟ) ಎಂಬ ಮೂರು ಒಲಿಂಪಿಕ್ ವಿಭಾಗಗಳು 1912ರ ಸ್ಟಾಕ್‌ಹೋಮ್ ಕೂಟದಿಂದ ಬೆಳೆದವು. ಆಗ ಅವು ಸೇನಾಧಿಕಾರಿಗಳ ಸ್ವತ್ತು. ಡ್ರೆಸಾಜ್ ಅಂಗಳಕ್ಕೆ ಮಹಿಳೆಯರಿಗೆ ಪ್ರವೇಶ ಸಿಕ್ಕಿದ್ದು 1952ರಲ್ಲಿ, ಫಿನ್ಲೆಂಡಿನದೇ ರಾಜಧಾನಿ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ. ಪೋಲಿಯೊದಿಂದ ಕಾಲುಗಳ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಆ ವರ್ಷ ಬೆಳ್ಳಿ ಪದಕ ಗೆದ್ದರು. ಜಂಪಿಂಗ್ ಮಹಿಳೆಯರಿಗೆ ತೆರೆದುಕೊಂಡದ್ದು 1956ರಲ್ಲಿ, ಇವೆಂಟಿಂಗ್ 1964ರಲ್ಲಿ. ಪುರುಷ ಸೈನಿಕರಿಗಾಗಿ ಕಟ್ಟಿದ ಚೌಕಟ್ಟನ್ನು ಹೆಲ್ಸಿಂಕಿಯ ಕೂಟ ಕಳೆದು ಅರ್ಧ ಶತಮಾನದ ಬಳಿಕ ಅದೇ ದೇಶದ ಹುಡುಗಿಯರು ಎತ್ತಿಕೊಂಡು ತಮ್ಮದಾಗಿಸಿಕೊಂಡರು. ಹಾಬಿಹಾರ್ಸಿಂಗ್‌ನ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು.

ಚೌಕಟ್ಟು ಎರವಲಾದರೂ ಅದನ್ನು ಹಾಗೆಯೇ ಬಳಸುವಂತಿರಲಿಲ್ಲ. ನಾಲ್ಕು ಕಾಲಿನ ಪ್ರಾಣಿಗೆ ಬರೆದ ಸೂತ್ರವನ್ನು ಎರಡು ಕಾಲಿನವರಿಗೆ ಒಗ್ಗಿಸಬೇಕಿತ್ತು. ಹವ್ಯಾಸಿಗಳು ಮಾಡಿಕೊಂಡ ಮೂಲ ಒಪ್ಪಂದ ಸರಳ: ಸೊಂಟದಿಂದ ಮೇಲೆ ಸವಾರಳು, ಸೊಂಟದಿಂದ ಕೆಳಗೆ ಕುದುರೆ. ನಮ್ಮ ಜಾತ್ರೆ, ಮೆರವಣಿಗೆಗಳ ಕೀಲುಕುದುರೆ ಕುಣಿತದಲ್ಲಿ ಕಲಾವಿದ ಮೇಲರ್ಧದಲ್ಲಿ ರಾಜನಾಗಿ, ಕೆಳಗಿನ ಕಾಲುಗಳಲ್ಲಿ ಕುದುರೆಯಾಗಿ ಕಾಣುವಂಥದೇ ವಿಭಜನೆ ಇದು. ಕೈಗಳು ಲಗಾಮು ಹಿಡಿದು ನಿಶ್ಚಲವಾಗಿರಬೇಕು, ಬೆನ್ನು ನೆಟ್ಟಗಿರಬೇಕು, ನೋಟ ಮುಂದಿರಬೇಕು. ಕುಣಿತ, ನೆಗೆತ, ಓಟವೆಲ್ಲ ಕಾಲುಗಳದು. ಇಂದಿನ ಬಹುತೇಕ ವರ್ಗಗಳ ತೀರ್ಪು ಈ ಒಪ್ಪಂದದ ಮೇಲೇ ನಿಂತಿದೆ.

ಷೋ ಜಂಪಿಂಗ್: ಎಣಿಸಬಹುದಾದ ತಪ್ಪುಗಳು

ಅತ್ಯಂತ ಜನಪ್ರಿಯ ವರ್ಗ ಷೋ ಜಂಪಿಂಗ್. ಇಲ್ಲಿ ಅಭಿಪ್ರಾಯಕ್ಕಿಂತ ಲೆಕ್ಕಕ್ಕೆ ಹೆಚ್ಚು ಬೆಲೆ. ಸ್ಪರ್ಧೆಗೆ ಮುನ್ನ ಸವಾರರು ಕಾಲ್ನಡಿಗೆಯಲ್ಲಿ ಅಂಕಣ ಸುತ್ತಿ ಅಡೆತಡೆಗಳ ಕ್ರಮವನ್ನೂ ತಿರುವುಗಳನ್ನೂ ಮನನ ಮಾಡಿಕೊಳ್ಳುತ್ತಾರೆ. ಗಂಟೆ ಬಾರಿಸಿದ ಮೇಲೆ ಆರಂಭದ ಗೆರೆ ದಾಟಿ, ಸಂಖ್ಯೆಯ ಕ್ರಮದಲ್ಲಿ ಹಾರಿ, ನಿಗದಿತ ಸಮಯದೊಳಗೆ ಮುಗಿಸಬೇಕು. ಅಡ್ಡಗೋಲು ಬಿದ್ದರೆ 4 ದಂಡಾಂಕ. ಅಡೆತಡೆಯ ಮುಂದೆ ನಿಂತುಬಿಟ್ಟರೆ ಅಥವಾ ಪಕ್ಕಕ್ಕೆ ಸರಿದುಹೋದರೆ ಅದು ನಿರಾಕರಣೆ, ಅದಕ್ಕೂ ದಂಡವಿದೆ. ನಿರಾಕರಣೆ ಮತ್ತೆ ಮತ್ತೆ ಆದರೆ, ದಾರಿ ತಪ್ಪಿದರೆ, ಬಿದ್ದರೆ ಸ್ಪರ್ಧೆಯಿಂದ ಹೊರಗೆ. ಎಷ್ಟನೆಯ ನಿರಾಕರಣೆಗೆ ಹೊರಹಾಕಬೇಕು ಎಂಬುದು ದೇಶದಿಂದ ದೇಶಕ್ಕೆ, ಮಟ್ಟದಿಂದ ಮಟ್ಟಕ್ಕೆ ಬದಲಾಗುತ್ತದೆ. ತಪ್ಪಿಲ್ಲದೆ ಮುಗಿಸಿದವರು ಒಬ್ಬರಿಗಿಂತ ಹೆಚ್ಚಿದ್ದರೆ ಮೊಟಕುಗೊಳಿಸಿದ ಅಂಕಣದಲ್ಲಿ ಜಂಪ್-ಆಫ್ ನಡೆಯುತ್ತದೆ. ಅಲ್ಲಿ ಗಡಿಯಾರವೇ ತೀರ್ಪುಗಾರ.

ಹಾಬಿಹಾರ್ಸಿಂಗ್‌ಗೆ ಮಾತ್ರ ಸೇರಿದ ನಿಯಮಗಳೂ ಇವೆ. ಕೋಲು ಆರಂಭದಿಂದ ಕೊನೆಯವರೆಗೆ ಕಾಲುಗಳ ನಡುವೆಯೇ ಇರಬೇಕು. ಹಾರುವಾಗ ಕೋಲನ್ನು ಪಕ್ಕಕ್ಕೆ ಎತ್ತಿಕೊಂಡರೆ ಅದು ಬರಿಯ ಹರ್ಡಲ್ಸ್ ಓಟವಾಗುತ್ತದೆ, ಸವಾರಿಯ ಕಲ್ಪನೆಯೇ ಮುರಿಯುತ್ತದೆ. ಇದರಿಂದಾಗಿ ಸ್ಪರ್ಧೆಯ ಕುದುರೆಯ ವಿನ್ಯಾಸವೇ ಬದಲಾಯಿತು. ಅಂಗಡಿಯ ಆಟಿಕೆಯ ಕೋಲು ನೆಲಕ್ಕೆ ತಾಗುವಷ್ಟು ಉದ್ದವಿದ್ದರೆ, ಸ್ಪರ್ಧೆಯದು ಮೋಟುಗೋಲು. ಅಡ್ಡಗೋಲಿಗೆ ಸಿಕ್ಕದಂತೆ, ಬಿದ್ದರೆ ಚುಚ್ಚದಂತೆ ಅದನ್ನು ಕತ್ತರಿಸಿರುತ್ತಾರೆ. ಅಡೆತಡೆಗಳ ನಡುವಿನ ಅಂತರವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ನಿಜವಾದ ಕುದುರೆಯ ಒಂದು ಕ್ಯಾಂಟರ್ (ನೆಗೆತದ ಓಟ) ಹೆಜ್ಜೆಯನ್ನು ಸುಮಾರು ಮೂರೂವರೆ ಮೀಟರ್ ಎಂದು ಎಣಿಸುತ್ತಾರೆ. ಹನ್ನೆರಡರ ಹುಡುಗಿಗೆ ಆ ಅಳತೆಯಲ್ಲಿ ಜೋಡಿ ಅಡೆತಡೆ ಇಟ್ಟರೆ ಲಯವೇ ಕೆಡುತ್ತದೆ.

ಎತ್ತರ ಮತ್ತು ಶೈಲಿ

ಜಂಪಿಂಗ್‌ನಿಂದಲೇ ಎರಡು ಕವಲುಗಳು ಒಡೆದವು. ಒಂದು ಎತ್ತರದ ಸ್ಪರ್ಧೆ. ಒಂದೇ ಅಡೆತಡೆಯನ್ನು ಸುತ್ತು ಸುತ್ತಿಗೂ ಏರಿಸುತ್ತ ಹೋಗುತ್ತಾರೆ. ಕೊನೆಗೆ ಉಳಿದವರು ಗೆದ್ದಂತೆ. ಅಶ್ವಲೋಕದಲ್ಲಿ ಎತ್ತರಕ್ಕೆ ದೊಡ್ಡ ಪರಂಪರೆಯಿದೆ. 1949ರ ಫೆಬ್ರುವರಿಯಲ್ಲಿ ಚಿಲಿಯ ಆಲ್ಬೆರ್ತೊ ಲಾರಾಗಿಬೆಲ್ ವಾಸೊ ಎಂಬ ಕುದುರೆಯ ಮೇಲೆ ಹಾರಿದ 2.47 ಮೀಟರ್ ಇಂದಿಗೂ ವಿಶ್ವದಾಖಲೆ. ಕೋಲುಕುದುರೆಯಲ್ಲಿ ಮೇಲ್ಮಟ್ಟದ ಸವಾರರು ಒಂದು ಮೀಟರಿಗೂ ಮಿಗಿಲಾದ ಎತ್ತರವನ್ನು ದಾಟುತ್ತಾರೆ. ಮಹಿಳೆಯರ 100 ಮೀಟರ್ ಹರ್ಡಲ್ಸ್‌ನ ಅಡೆತಡೆಯ ಎತ್ತರ 83.8 ಸೆಂಟಿಮೀಟರ್. ಅದಕ್ಕಿಂತ ಎತ್ತರವನ್ನು ಕಾಲುಗಳ ನಡುವೆ ಕೋಲಿಟ್ಟುಕೊಂಡು, ಕೈ ಬೀಸಿ ಸಮತೋಲ ಕಾಯುವ ಅನುಕೂಲವೂ ಇಲ್ಲದೆ ಹಾರಬೇಕು. ಇದಕ್ಕೆ ಬೇಕಾದ ಕಸುವನ್ನು ವ್ಯಾಯಾಮ ಶಿಕ್ಷಕರು ಯಾರೂ ಅಲ್ಲಗಳೆಯಲಾರರು.

ಇನ್ನೊಂದು ಕವಲು ಶೈಲಿಯ ಜಂಪಿಂಗ್. ಅಡ್ಡಗೋಲು ಬೀಳದಿದ್ದರಷ್ಟೇ ಸಾಲದು. ಓಟದ ಲಯ ಸಮವಾಗಿತ್ತೇ, ನೆಗೆದ ಜಾಗ ಸರಿಯಿತ್ತೇ, ಗಾಳಿಯಲ್ಲಿ ಮೈ ಹಿಡಿತದಲ್ಲಿತ್ತೇ, ಇಳಿದ ಮೇಲೆ ಅದೇ ಗತಿ ಮುಂದುವರಿಯಿತೇ ಎಂದು ಅಂಕ ಹಾಕುತ್ತಾರೆ. ಅವಸರದಲ್ಲಿ ಗೆಲ್ಲುವ ಓಟಗಾರರಿಗಷ್ಟೇ ಕ್ರೀಡೆ ಸೀಮಿತವಾಗದಂತೆ ಈ ವರ್ಗ ಕಾಪಾಡಿದೆ.

ಡ್ರೆಸಾಜ್: ಎರಡು ಕಾಲಿನಲ್ಲಿ ನಾಲ್ಕು ಕಾಲಿನ ಲಯ

ನಿಯಮ ರೂಪಿಸುವವರಿಗೆ ಅತಿ ಕಠಿಣ ಸವಾಲೊಡ್ಡಿದ್ದು ಡ್ರೆಸಾಜ್. ಅಂಗಳದ ಅಂಚಿನಲ್ಲಿ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಕ್ಷರಗಳ ಫಲಕಗಳಿರುತ್ತವೆ. ಎ ಕಡೆಯಿಂದ ಪ್ರವೇಶ, ಸಿ ಬಳಿ ತೀರ್ಪುಗಾರರು, ನಡುವೆ ನಿಂತು ವಂದನೆ. ಅಲ್ಲಿಂದ ಮುಂದೆ ಮೊದಲೇ ಗೊತ್ತುಪಡಿಸಿದ ಪಾಠದಂತೆ ವೃತ್ತಗಳು, ಕರ್ಣರೇಖೆಗಳು, ಗತಿಯ ಬದಲಾವಣೆಗಳು. ಕುದುರೆಗೆ 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದದ ಅಂಗಳ ಬೇಕಾದರೆ, ಕೋಲುಕುದುರೆಗೆ ಅದನ್ನು ಬಹಳವಾಗಿ ಕುಗ್ಗಿಸಲಾಯಿತು. ಪ್ರತಿ ಚಲನೆಗೂ 0ಯಿಂದ 10ರವರೆಗೆ ಅಂಕ ಕೊಟ್ಟು, ಒಟ್ಟನ್ನು ಶೇಕಡಾವಾರಿಗೆ ಇಳಿಸುವ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡರು.

ಕುದುರೆಯ ನಡಿಗೆ ನಾಲ್ಕು ಪೆಟ್ಟಿನದು. ಕುಕ್ಕುಲೋಟ, ಅಂದರೆ ಟ್ರಾಟ್, ಎರಡು ಪೆಟ್ಟಿನದು. ಕ್ಯಾಂಟರ್ ಮೂರು ಪೆಟ್ಟಿನದು, ಆಮೇಲೊಂದು ಗಳಿಗೆ ನಾಲ್ಕೂ ಕಾಲು ಗಾಳಿಯಲ್ಲಿ. ಇವನ್ನು ಎರಡು ಕಾಲಿನಲ್ಲಿ ಅಕ್ಷರಶಃ ತೋರಿಸಲು ಬರುವುದಿಲ್ಲ. ಹೀಗಾಗಿ ಪ್ರತಿ ಗತಿಗೂ ಒಂದೊಂದು ದೇಹಭಾಷೆ ರೂಢಿಗೆ ಬಂತು. ಟ್ರಾಟ್‌ನಲ್ಲಿ ಮಂಡಿ ಎತ್ತಿ ಸಮನಾದ ಪುಟಿಯುವ ಹೆಜ್ಜೆ. ಕ್ಯಾಂಟರ್‌ನಲ್ಲಿ ಒಂದೇ ಕಾಲು ಸದಾ ಮುಂದಾಗಿರುವ ನೆಗೆತದ ಓಟ. ಎಡಕ್ಕೆ ಸುತ್ತುವಾಗ ಎಡಗಾಲು, ಬಲಕ್ಕೆ ಸುತ್ತುವಾಗ ಬಲಗಾಲು ಮುಂದಿರಬೇಕು. ಅದು ತಪ್ಪಿದರೆ ಅಂಕ ಕಡಿತ. ಮೇಲಿನ ಹಂತಗಳಲ್ಲಿ ಗಾಳಿಯಲ್ಲೇ ಮುಂಗಾಲು ಬದಲಿಸುವುದು, ಮೈಯನ್ನು ಒಂದು ದಿಕ್ಕಿಗೆ ಬಾಗಿಸಿ ಓರೆಯಾಗಿ ಸಾಗುವುದು, ನಿಂತಲ್ಲೇ ಟ್ರಾಟ್ ಮಾಡುವ ಪಿಯಾಫ್, ಇದ್ದಲ್ಲೇ ತಿರುಗುವ ಪಿರೊಯೆಟ್ ಬರುತ್ತವೆ. ಇವನ್ನೆಲ್ಲ ಮಾಡುವಾಗ ಕೋಲಿನ ಕುದುರೆಯ ತಲೆ ಮೇಲೆ ಕೆಳಗೆ ಓಲಾಡಕೂಡದು, ಸವಾರಳ ಭುಜ ಅಲುಗಕೂಡದು. ಸಂಗೀತಕ್ಕೆ ಹೊಂದಿಸಿ ತಾವೇ ಸಂಯೋಜಿಸಿದ ಕಾರ್ಯಕ್ರಮ ತೋರಿಸುವ ಸ್ವತಂತ್ರ ವರ್ಗವೂ ಇದೆ. ಅದರಲ್ಲಿ ನೃತ್ಯ ಮತ್ತು ಸವಾರಿಯ ನಡುವಿನ ಗೆರೆ ತೆಳುವಾಗುತ್ತದೆ.

ಉಳಿದ ವರ್ಗಗಳು

ವೆಸ್ಟರ್ನ್ ವಿಭಾಗ ಅಮೆರಿಕದ ಕೌಬಾಯ್ ಸವಾರಿಯಿಂದ ಬಂದದ್ದು. ಮೂರು ಪೀಪಾಯಿಗಳ ಸುತ್ತ ಮೂರೆಲೆಯ ಆಕಾರದಲ್ಲಿ ಓಡುವ ಬ್ಯಾರೆಲ್ ರೇಸಿಂಗ್ ಅದರ ಮುಖ್ಯ ಆಕರ್ಷಣೆ. ಕಾಡುಹಾದಿ, ಮರದ ದಿಮ್ಮಿ, ಏರಿಳಿತಗಳನ್ನು ಬಳಸುವ ಕ್ರಾಸ್‌ಕಂಟ್ರಿಯನ್ನು ಅನುಕೂಲವಿದ್ದಲ್ಲಿ ನಡೆಸುತ್ತಾರೆ. ಕುದುರೆಗಳ ಪ್ರದರ್ಶನ ವರ್ಗದಲ್ಲಿ ಸ್ಪರ್ಧೆ ಹೊಲಿಗೆಗೆ: ಮುಖದ ಆಕಾರ, ಕಣ್ಣಿನ ಜೀವಕಳೆ, ಕೇಸರದ ಜೋಡಣೆ, ಕಡಿವಾಣದ ಕೆಲಸ. ಪ್ರತಿ ಕುದುರೆಗೂ ಹೆಸರು, ತಳಿ, ಕೆಲವೊಮ್ಮೆ ವಂಶಾವಳಿಯೂ ಇರುತ್ತದೆ. ಓಡಲಾಗದವರಿಗೂ, ಸೂಜಿ ದಾರದಲ್ಲಿ ಪಳಗಿದವರಿಗೂ ಈ ವರ್ಗ ಗೌರವದ ಸ್ಥಾನ ಕೊಟ್ಟಿದೆ.

ವಿಂಗಡಣೆಯ ಕ್ರಮವೂ ಗಮನಾರ್ಹ. ವಯಸ್ಸಿನ ಪ್ರಕಾರ ಗುಂಪು, ಅಡೆತಡೆಯ ಎತ್ತರದ ಪ್ರಕಾರ ಹಂತ, ಡ್ರೆಸಾಜ್‌ನಲ್ಲಿ ಸುಲಭದಿಂದ ಕಠಿಣದವರೆಗೆ ಮೆಟ್ಟಿಲು. ಮೊಣಕಾಲೆತ್ತರವನ್ನೂ ಹಾರಲಾಗದ ಪುಟ್ಟ ಮಗುವಿಗೂ ಒಂದು ವರ್ಗವಿರುತ್ತದೆ. ಸ್ಪರ್ಧಿಗಳಲ್ಲಿ ಬಹುಪಾಲು ಹುಡುಗಿಯರಾದರೂ ಹುಡುಗರಿಗೆ ತಡೆಯಿಲ್ಲ.

ಗಡಿ ದಾಟಿದ ನಂತರ

ಸ್ವೀಡನ್ ಮೊದಲಾದ ನೆರೆಯ ದೇಶಗಳಿಗೆ, ಅಲ್ಲಿಂದ ಯುರೋಪಿನ ಉದ್ದಗಲಕ್ಕೆ, ಅಮೆರಿಕಕ್ಕೆ ಕ್ರೀಡೆ ಹಬ್ಬಿತು. 2024ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಫ್ರಾಂಕ್‌ಫರ್ಟಿನಲ್ಲಿ ನಡೆಯಿತು. ಹಬ್ಬಿದಂತೆ ಭಿನ್ನತೆಗಳೂ ಬೆಳೆದವು. ಹಾರುವ ಭಂಗಿ ಹೇಗಿರಬೇಕು, ಅಂಗಳದ ಅಳತೆ ಎಷ್ಟು, ಯಾವ ವಯಸ್ಸಿಗೆ ಎಷ್ಟು ಎತ್ತರ ಎಂಬುದಕ್ಕೆ ದೇಶಕ್ಕೊಂದು ಉತ್ತರವಿದೆ. ಎಲ್ಲರೂ ಒಪ್ಪಿದ ಒಂದೇ ಜಾಗತಿಕ ನಿಯಮಾವಳಿ, ಅಶ್ವಾರೋಹಣಕ್ಕಿರುವಂಥದು, ಇಲ್ಲಿ ಇನ್ನೂ ನೆಲೆಗೊಂಡಿಲ್ಲ. ಬೇರೆ ದೇಶದ ಸ್ಪರ್ಧೆಗೆ ಹೋಗುವವರು ಮೊದಲು ಅಲ್ಲಿಯ ನಿಯಮ ಓದಿ ಅಭ್ಯಾಸ ತಿದ್ದಿಕೊಳ್ಳಬೇಕಾಗುತ್ತದೆ.

ಮುಂದಿನ ದಶಕದಲ್ಲಿ ಈ ಕ್ರೀಡೆ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಡ್ರೆಸಾಜ್ ಮತ್ತು ಶೈಲಿಯ ವರ್ಗಗಳಿಗೆ ತೀರ್ಪುಗಾರರ ತರಬೇತಿ ಏಕರೂಪವಾಗಬೇಕು. ಒಂದೇ ಕ್ಯಾಂಟರ್‌ಗೆ ಒಂದೆಡೆ 8, ಇನ್ನೊಂದೆಡೆ 5 ಸಿಗುವಂತಾದರೆ ಮಕ್ಕಳ ನಂಬಿಕೆ ಉಳಿಯದು. ಎತ್ತರದ ಸ್ಪರ್ಧೆಯಲ್ಲಿ ಬೆಳೆಯುವ ವಯಸ್ಸಿನ ಮಂಡಿ, ಹಿಮ್ಮಡಿಗಳ ಸುರಕ್ಷತೆಗೆ ನೆಲಹಾಸು, ಪಾದರಕ್ಷೆ, ವಯಸ್ಸಿಗೆ ತಕ್ಕ ಮಿತಿ ಇವೆಲ್ಲ ನಿಯಮದಲ್ಲೇ ಬರೆದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಿಯಮ ಬರೆಯುವ ಲೇಖನಿ ಆಡುವವರ ಕೈಯಲ್ಲೇ ಉಳಿಯಬೇಕು. ಹಿರಿಯರು ಕಟ್ಟಿಕೊಟ್ಟ ಕ್ರೀಡೆಗಳನ್ನು ಮಕ್ಕಳು ಆಡುವುದು ಲೋಕರೂಢಿ. ಹಾಬಿಹಾರ್ಸಿಂಗ್‌ನಲ್ಲಿ ಮಕ್ಕಳು ಕಟ್ಟಿದ ಕ್ರೀಡೆಯನ್ನು ಹಿರಿಯರು ಕಲಿಯಬೇಕಾಗಿದೆ. ಈ ಹುಡುಗಿಯರ ವಿಡಿಯೊ ಕಂಡಾಗ ನಗುವ ಮುನ್ನ ಓದುಗರು ಒಂದು ಸುತ್ತನ್ನಾದರೂ ಅವರದೇ ನಿಯಮ ಹಿಡಿದು ನೋಡಲಿ: ಕೈ ಅಲುಗಿತೇ, ಮುಂಗಾಲು ಸರಿಯಿತ್ತೇ, ಅಡ್ಡಗೋಲು ಉಳಿಯಿತೇ. ಹಾಗೆ ನೋಡಿದವರಿಗೆ ಇದು ಕ್ರೀಡೆ ಹೌದೋ ಅಲ್ಲವೋ ಎಂಬ ಸಂಶಯ ಉಳಿಯುವುದಿಲ್ಲ.