ಕೈಯಲ್ಲಿ ಹಿಡಿದ ಕ್ಯಾಮೆರಾ ಮತ್ತು ಶಟರ್ ವೇಗ: ಒಂದು ರೂಢಿಸೂತ್ರದ ಮರುಪರಿಶೀಲನೆ

ಟ್ರೈಪಾಡ್ ಇಲ್ಲದೆ ತೆಗೆಯುವ ಚಿತ್ರಕ್ಕೆ ಶಟರ್ ವೇಗ ಎಷ್ಟಿರಬೇಕು? ಛಾಯಾಗ್ರಾಹಕರಲ್ಲಿ ರೂಢಿಯಾಗಿರುವ ಉತ್ತರ ಸರಳ: ಲೆನ್ಸಿನ ಸಂಗಮದೂರ, ಅಂದರೆ ಫೋಕಲ್ ಲೆಂತ್, 50 ಮಿ.ಮೀ. ಇದ್ದರೆ ಸೆಕೆಂಡಿನ 1/50, 400 ಮಿ.ಮೀ. ಇದ್ದರೆ 1/400. ಈ ಸೂತ್ರ 35 ಮಿ.ಮೀ. ಫಿಲ್ಮಿನ ಕಾಲದ್ದು. ಇದರೊಳಗಿನ ಲೆಕ್ಕವನ್ನು ಬಿಡಿಸಿ, ಡಿಜಿಟಲ್ ಕ್ಯಾಮೆರಾಕ್ಕೆ ಇದು ಎಷ್ಟು ಸಲ್ಲುತ್ತದೆಂದು ನೋಡುವುದು ಈ ಲೇಖನದ ಉದ್ದೇಶ.

ಕೈ ನಡುಗಿದಾಗ ಕ್ಯಾಮೆರಾ ಕೊಂಚ ತಿರುಗುತ್ತದೆ. ಆ ಕೋನವನ್ನು ಸಂಗಮದೂರದಿಂದ ಗುಣಿಸಿದರೆ ಬಿಂಬ ಎಷ್ಟು ಸರಿಯಿತೆಂದು ತಿಳಿಯುತ್ತದೆ. 24×36 ಮಿ.ಮೀ. ಚೌಕಟ್ಟಿನಲ್ಲಿ ಸುಮಾರು 0.03 ಮಿ.ಮೀ. ಮಸುಕನ್ನು ಸಹ್ಯವೆಂದು ಒಪ್ಪುವುದು ವಾಡಿಕೆ. ಎಂಟು ಪಟ್ಟು ಹಿಗ್ಗಿಸಿದ ಮುದ್ರಣದಲ್ಲಿ ಅದು 0.24 ಮಿ.ಮೀ.; 25 ಸೆಂ.ಮೀ. ದೂರದಿಂದ ನೋಡುವ ಕಣ್ಣಿಗೆ ಕಂಡೂ ಕಾಣದಷ್ಟು. ಶಟರ್ ಸಮಯವನ್ನು ಸಂಗಮದೂರದ ವಿಲೋಮವಾಗಿ ಇಟ್ಟಾಗ ಲೆಕ್ಕದಲ್ಲಿ ಉಳಿಯುವುದು ಕೈ ತಿರುಗುವ ವೇಗ ಮಾತ್ರ: ಸೆಕೆಂಡಿಗೆ 0.03 ರೇಡಿಯನ್, ಸುಮಾರು 1.7 ಡಿಗ್ರಿ. ಹೀಗಾಗಿ ಈ ಸೂತ್ರವು ನಿಯಮಕ್ಕಿಂತ ಹೆಚ್ಚಾಗಿ ನಮ್ಮ ಕೈನಡುಕದ ಅಂದಾಜು.

24 ಮೆಗಾಪಿಕ್ಸೆಲಿನ ಫುಲ್ ಫ್ರೇಮ್ ಸೆನ್ಸರಿನಲ್ಲಿ ಅಡ್ಡಸಾಲಿಗೆ ಸುಮಾರು 6000 ಪಿಕ್ಸೆಲ್. ಒಂದರ ಅಗಲ 0.006 ಮಿ.ಮೀ. ಹಳೆಯ ಮಿತಿಯ ಮಸುಕು ಇಲ್ಲಿ ಐದು ಪಿಕ್ಸೆಲುಗಳಿಗೆ ಹರಡುತ್ತದೆ. ಅದನ್ನು ಎರಡಕ್ಕೆ ಇಳಿಸಲು ವೇಗ ಎರಡೂವರೆ ಪಟ್ಟು ಹೆಚ್ಚಬೇಕು: 400 ಮಿ.ಮೀ. ಲೆನ್ಸಿಗೆ 1/1000.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ದೋಣಿಯಲ್ಲಿ ಕುಳಿತವರಿಗೆ ಇದರ ತೂಕ ಅರಿವಾಗುತ್ತದೆ. ಅಲ್ಲಿ ಟ್ರೈಪಾಡ್ ಊರಿದರೂ ದೋಣಿಯೇ ತೂಗಾಡುತ್ತದೆ. 20 ಮೀಟರ್ ಆಚೆ ಬಂಡೆಯ ಮೇಲೆ ಬಣ್ಣದ ಕೊಕ್ಕರೆ ಅಲುಗದೆ ನಿಂತಿದೆ ಎನ್ನೋಣ. ದೋಣಿ ಸೆಕೆಂಡಿಗೆ ಅರ್ಧ ಮೀಟರ್ ಅಡ್ಡಕ್ಕೆ ಸರಿದರೆ ಸೆಕೆಂಡಿಗೆ 0.025 ರೇಡಿಯನ್ ಚಲನೆ ಅದರಿಂದಲೇ ಬಂತು. ಕೈನಡುಕಕ್ಕೆ ಮೀಸಲಿಟ್ಟ ಪಾಲನ್ನೆಲ್ಲ ದೋಣಿಯೇ ಬಹುಮಟ್ಟಿಗೆ ನುಂಗಿತು. ಲೆನ್ಸಿನ ಸ್ಟೆಬಿಲೈಸೇಷನ್ ಇಲ್ಲಿ ಪೂರ್ತಿ ನೆರವಾಗದು. ಅದರ ಗೈರೊ ಸೆನ್ಸರ್ ಅಳೆಯುವುದು ತಿರುಗುವಿಕೆಯನ್ನು. ನೀರಿನ ಮೇಲಿನ ಈ ಸಮಗತಿಯ ಜಾರುವಿಕೆ ಅದರ ಅರಿವಿಗೆ ಬಾರದು. ಅದೇ ಕೊಕ್ಕರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರಿದರಂತೂ, ಕ್ಯಾಮೆರಾ ಅದರೊಡನೆ ತಿರುಗದಿದ್ದರೆ, 1/1000ರಲ್ಲೂ ಬಿಂಬ 0.2 ಮಿ.ಮೀ. ಸರಿಯುತ್ತದೆ.

1/400ರಿಂದ 1/1000ಕ್ಕೆ ಹೋಗಲು, ಅಪರ್ಚರ್ ಬದಲಿಸದಿದ್ದರೆ, ಐಎಸ್‌ಒ 400ನ್ನು 1000ಕ್ಕೆ ಏರಿಸಬೇಕು. ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಹೆಚ್ಚುವುದೆಂದು ಅನೇಕರು ಹಿಂಜರಿಯುತ್ತಾರೆ. ಆದರೆ ನಾಯ್ಸನ್ನು ಬಳಿಕ ತಗ್ಗಿಸಬಹುದು. ಅಲುಗಿ ಕಲಸಿಹೋದ ಗರಿಯ ಎಳೆಗಳನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ.

ಆದ್ದರಿಂದ ಶಟರ್ ವೇಗವನ್ನು ಲೆನ್ಸಿನ ಮೇಲಿನ ಅಂಕಿಯೊಂದೇ ನಿರ್ಧರಿಸಬಾರದು. ಕೈನಡುಕ, ನಿಂತ ನೆಲೆಯ ಚಲನೆ, ವಸ್ತುವಿನ ಚಲನೆ, ಈ ಮೂರನ್ನೂ ಎಣಿಸಬೇಕು. ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಒಂದೊಂದು ವೇಗದಲ್ಲೂ ಹತ್ತು ಚಿತ್ರ ತೆಗೆದು, ಸಣ್ಣಕ್ಷರ ಎಷ್ಟರಲ್ಲಿ ಸ್ಫುಟವಾಗಿದೆಯೆಂದು ಎಣಿಸಿದರೆ ಮೊದಲನೆಯದರ ಅಳತೆ ಸಿಗುತ್ತದೆ. ಅಂದಾಜಿನ 1.7 ಡಿಗ್ರಿಯ ಜಾಗದಲ್ಲಿ ಪ್ರತಿಯೊಬ್ಬರೂ ತಮ್ಮ ಕೈಯ ಅಂಕಿಯನ್ನೇ ಬರೆದುಕೊಂಡಾಗ ಹಳೆಯ ಸೂತ್ರ ಮತ್ತೆ ಉಪಯೋಗಕ್ಕೆ ಬರುತ್ತದೆ.