ಮೇಹೆಮ್: ಸಂಗೀತಕ್ಕೆ ಅಂಟಿದ ನೆತ್ತರ ಕಲೆ

ನಾರ್ವೆಯ ಬ್ಲ್ಯಾಕ್ ಮೆಟಲ್ ಸಂಗೀತಕ್ಕೆ ಬುನಾದಿ ಹಾಕಿದ ತಂಡಗಳಲ್ಲಿ ‘ಮೇಹೆಮ್’ ಪ್ರಮುಖವಾದುದು. ಯೂರೊನಿಮಸ್ ಎಂದೇ ಹೆಸರಾದ ಗಿಟಾರ್ ವಾದಕ ಒಯ್‌ಸ್ಟೈನ್ ಆರ್ಸೆತ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಕಟ್ಟಿದರು. ತಂಡದ ‘ಡೆತ್‌ಕ್ರಷ್’ ಧ್ವನಿಮುದ್ರಿಕೆ 1987ರಲ್ಲಿ ಹೊರಬಂತು.

ಸ್ವೀಡನ್ ಮೂಲದ ಗಾಯಕ ‘ಡೆಡ್’ 1991ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಯೂರೊನಿಮಸ್ ಓಸ್ಲೊದಲ್ಲಿ ತೆರೆದ ‘ಹೆಲ್ವೆಟೆ’ ಎಂಬ ಧ್ವನಿಮುದ್ರಿಕೆಗಳ ಅಂಗಡಿ ಕ್ರೈಸ್ತವಿರೋಧಿ ಯುವಕರ ನೆಲೆಯಾಯಿತು. ಆ ಹೆಸರಿನ ಅರ್ಥವೇ ನರಕ. 1992ರಿಂದ ನಾರ್ವೆಯ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು. ಈ ವಲಯದ ಕೆಲವರು ಅಪರಾಧಿಗಳೆಂದು ಸಾಬೀತಾಯಿತು.

1993ರ ಆಗಸ್ಟ್ 10ರಂದು ಯೂರೊನಿಮಸ್ ಹತ್ಯೆಯಾಯಿತು. ಕೊಂದವನು ತಂಡಕ್ಕೆ ಬಾಸ್ ಗಿಟಾರ್ ನುಡಿಸಿದ್ದ ವರ್ಗ್ ವಿಕರ್ನೆಸ್. ಕೊಲೆ ಮತ್ತು ಚರ್ಚ್ ದಹನದ ಅಪರಾಧಗಳಿಗಾಗಿ 1994ರಲ್ಲಿ 21 ವರ್ಷಗಳ ಸೆರೆವಾಸಕ್ಕೆ ಗುರಿಯಾದ ಆತ 2009ರಲ್ಲಿ ಬಿಡುಗಡೆಗೊಂಡ.

1994ರಲ್ಲೇ ಬಿಡುಗಡೆಯಾದ, ತಂಡದ ಪ್ರಥಮ ಪೂರ್ಣ ಪ್ರಮಾಣದ ಆಲ್ಬಂ ‘ಡಿ ಮಿಸ್ಟೀರಿಸ್ ಡಾಮ್ ಸತಾನಾಸ್’ನಲ್ಲಿ ಹತನಾದವನ ಗಿಟಾರ್ ಜೊತೆಗೆ ಹಂತಕನ ಬಾಸ್ ಕೂಡ ಕೇಳಿಸುತ್ತದೆ. ಬಾಸ್ ವಾದನವನ್ನು ತೆಗೆದುಹಾಕುವಂತೆ ಮೃತನ ಕುಟುಂಬ ಕೋರಿದ್ದರೂ ಅದು ಹಾಗೆಯೇ ಉಳಿಯಿತು.

1995ರಲ್ಲಿ ಪುನರ್ರಚನೆಗೊಂಡ ತಂಡದ ‘ಓರ್ಡೊ ಅಡ್ ಕಾವೊ’ ಆಲ್ಬಂ 2007ನೇ ಸಾಲಿನ ನಾರ್ವೆಯ ಪ್ರತಿಷ್ಠಿತ ಸ್ಪೆಲ್ಲೆಮನ್ ಪ್ರಶಸ್ತಿಗೆ ಪಾತ್ರವಾಯಿತು. 2019ರಲ್ಲಿ ‘ಡೀಮನ್’ ಆಲ್ಬಂ ಬಂದಿತು. ಆದರೂ ಮೇಹೆಮ್ ಹೆಸರೆತ್ತಿದರೆ ಹಾಡಿಗಿಂತ ಮೊದಲು ನೆನಪಾಗುವುದು 1993ರ ಆ ಕೊಲೆಯೇ.