ಚೆಂಡು ಹೋಗೋವರೆಗೂ ತಡ್ಕೊಳ್ಳಿ: ಗಾಲ್ಫ್ ಮೈದಾನದಲ್ಲಿ ಕ್ಯಾಮೆರಾದ ಕಥೆ

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಕಥೆ ಶುರುವಾಗೋದು ನಾನು ಒಂದು ದಿನ ಹೇಳಿಸಿಕೊಂಡ ಬುದ್ಧಿಮಾತಿನಿಂದ.

ಎರಡು ವರ್ಷದ ಹಿಂದೆ ಸ್ನೇಹಿತನೊಬ್ಬ ಗಾಲ್ಫ್ ಟೂರ್ನಿ ನೋಡೋಕೆ ಕರ್ಕೊಂಡು ಹೋಗಿದ್ದ. ಬೆಂಗಳೂರಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ಆದರೆ ಬಿ.ಕಾಂ ಮುಗಿಸಿದ ನನಗೆ ಆ ಆಟದ ಅ ಆ ಇ ಈ ಗೊತ್ತಿರಲಿಲ್ಲ. ಹಗ್ಗದ ಈಚೆ ನಿಂತಿದ್ದೆ. ಆಟಗಾರ ಚೆಂಡಿನ ಮುಂದೆ ಬಾಗಿ ನಿಂತರು. ಒಳ್ಳೆ ಫ್ರೇಮ್ ಅನ್ನಿಸ್ತು. ಫೋನ್ ಎತ್ತಿ ಒತ್ತಿದೆ. 'ಕ್ಲಿಕ್'.

ಅವರು ಹಾಗೇ ನಿಂತುಬಿಟ್ಟರು. ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ನೋಡಿದರು. ಅಲ್ಲಿದ್ದ ಸ್ವಯಂಸೇವಕರು ಮೆಲ್ಲಗೆ ಬಂದು, "ಹೊಡೆದ ಮೇಲೆ ತೆಗೀರಿ ಸರ್, ಮುಂಚೆ ಬೇಡ" ಅಂದರು. ಸುತ್ತಲಿನವರೆಲ್ಲ ನನ್ನನ್ನೇ ನೋಡ್ತಿದ್ದರು. ಮುಖ ಕೆಂಪಾಯ್ತು.

ಆಮೇಲೆ ಸಿಟ್ಟು ಬಂತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಾವಿರಾರು ಜನ ಗಂಟಲು ಹರಿಯೋ ಹಾಗೆ ಕೂಗುವಾಗ ಬ್ಯಾಟರ್ ಆಡಲ್ವಾ? ಇವರಿಗೆ ಒಂದು ಕ್ಲಿಕ್ ಆಗಲ್ವಾ? ದುಡ್ಡಿರೋರ ಆಟದ ಜಂಬ ಇದು ಅಂದ್ಕೊಂಡೆ. ಆ ಸಿಟ್ಟಲ್ಲೇ ಓದೋಕೆ ಕೂತೆ. ಓದ್ತಾ ಹೋದ ಹಾಗೆ ಸಿಟ್ಟು ಇಳೀತು, ಕುತೂಹಲ ಏರ್ತು.

ಕಥೆ ಆರಂಭವಾಗೋದು ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್ ಊರಲ್ಲಿ. 1840ರ ದಶಕ. ಫೋಟೋಗ್ರಫಿ ಇನ್ನೂ ಹಸುಗೂಸು. ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್ಸನ್ ಅನ್ನೋ ಜೋಡಿ ಅಲ್ಲಿನ ಗಾಲ್ಫ್ ಆಟಗಾರರ ಚಿತ್ರ ತೆಗೀತು. 1847ರಲ್ಲಿ ಚಾರ್ಲ್ಸ್ ಲೀಸ್ ಬರೆದ 'ದಿ ಗಾಲ್ಫರ್ಸ್' ಅನ್ನೋ ಪ್ರಸಿದ್ಧ ವರ್ಣಚಿತ್ರಕ್ಕೆ ಅವರ ಫೋಟೋ ನೆರವಾಯ್ತು. ಆ ಕಾಲದ ಕ್ಯಾಮೆರಾಗೆ ಬೆಳಕು ಹಿಡಿಯೋಕೆ ಬಹಳ ಹೊತ್ತು ಬೇಕಿತ್ತು. ಅಲ್ಲಾಡಿದರೆ ಚಿತ್ರ ಮಸುಕು. ಹಾಗಾಗಿ ಆಟಗಾರರೇ ಬೊಂಬೆಗಳ ಹಾಗೆ ನಿಲ್ಲಬೇಕಿತ್ತು.

ಇದನ್ನ ನೆನಪಲ್ಲಿಟ್ಕೊಳ್ಳಿ. ಮೊದಲು ಕ್ಯಾಮೆರಾಗೋಸ್ಕರ ಆಟಗಾರ ಅಲ್ಲಾಡದೆ ನಿಂತ. ಕ್ಯಾಮೆರಾ ಚುರುಕಾದ ಮೇಲೆ ಲೆಕ್ಕ ಉಲ್ಟಾ ಆಯ್ತು. ಆಟಗಾರನಿಗೋಸ್ಕರ ಕ್ಯಾಮೆರಾ ಕಾಯಬೇಕಾಯ್ತು.

ಕಾಯೋದರಿಂದ ಏನು ಸಿಗುತ್ತೆ ಅನ್ನೋದಕ್ಕೆ 1950ಕ್ಕೆ ಬರೋಣ. ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ಮೆರಿಯನ್ ಮೈದಾನ, ಯು.ಎಸ್. ಓಪನ್. ಬೆನ್ ಹೋಗನ್ ಹಿಂದಿನ ವರ್ಷ ಫೆಬ್ರವರಿಯಲ್ಲಿ ಸತ್ತು ಬದುಕಿದ್ದರು. ಅವರ ಕಾರಿಗೆ ಬಸ್ಸು ಗುದ್ದಿ ಸೊಂಟದ ಮೂಳೆ ಮುರಿದಿತ್ತು. ಮತ್ತೆ ನಡೀತಾರಾ ಅನ್ನೋದೇ ಅನುಮಾನವಾಗಿತ್ತು. ಅಂಥವರು ಕೊನೆಯ ದಿನ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು 36 ಹೋಲ್ ಆಡಿ, ಕೊನೆಯ ಹೋಲ್‌ನಲ್ಲಿ ಒನ್ ಐರನ್ ಎತ್ತಿಕೊಂಡರು. ಹೊಡೆದರು. ಹೈ ಪೆಸ್ಕಿನ್ ಅನ್ನೋ ಛಾಯಾಗ್ರಾಹಕ ಹಿಂದಿನಿಂದ ಕ್ಲಿಕ್ ಮಾಡಿದರು. ಆ ಹೊಡೆತದ ಬಲದಿಂದ ಹೋಗನ್ ಟೈ ಮಾಡಿಕೊಂಡರು, ಮರುದಿನದ ಪ್ಲೇಆಫ್‌ನಲ್ಲಿ ಗೆದ್ದರು.

ಗಾಲ್ಫ್ ಇತಿಹಾಸದ ಅತಿ ಪ್ರಸಿದ್ಧ ಫೋಟೋಗಳಲ್ಲಿ ಇದೊಂದು. ಅದರಲ್ಲಿ ಹೋಗನ್ ಮುಖ ಕಾಣಲ್ಲ. ಕೋಲು ಆಗಲೇ ಸುತ್ತು ಮುಗಿಸಿದೆ, ಚೆಂಡು ಹೋಗಿಯಾಗಿದೆ, ದೂರದಲ್ಲಿ ಜನ ಸಾಲಾಗಿ ನಿಂತು ನೋಡ್ತಿದ್ದಾರೆ. ಅಂದರೆ ಆ ಫೋಟೋ ತೆಗೆದದ್ದೇ ಹೊಡೆದ ಮೇಲೆ. ನನಗೆ ಸ್ವಯಂಸೇವಕರು ಹೇಳಿದ್ದೂ ಅದನ್ನೇ, ಅಲ್ವಾ?

ಈಗ ನನ್ನ ಕ್ರಿಕೆಟ್ ಪ್ರಶ್ನೆಗೆ ಉತ್ತರ. ಕ್ರೀಡಾಂಗಣದ ಗದ್ದಲ ಒಂದೇ ಸಮ ಇರುತ್ತೆ, ಕಿವಿ ಅದಕ್ಕೆ ಹೊಂದಿಕೊಳ್ಳುತ್ತೆ. ಗಾಲ್ಫ್‌ನಲ್ಲಿ ಪೂರ್ತಿ ನಿಶ್ಶಬ್ದ, ಅದರ ನಡುವೆ ಒಂದೇ ಒಂದು ಸದ್ದು. ಮೇಲೆತ್ತಿದ ಕೋಲು ಚೆಂಡಿಗೆ ತಾಗೋಕೆ ಬೇಕಾಗೋದು ಸುಮಾರು ಕಾಲು ಸೆಕೆಂಡ್. ಅಷ್ಟರಲ್ಲಿ ಬೆಚ್ಚಿಬಿದ್ದರೆ ನಿಲ್ಲಿಸೋಕೆ ಸಮಯವೇ ಇಲ್ಲ. ಸದ್ದು ಮಾಡಿದವನಿಗೆ ನಷ್ಟ ಸೊನ್ನೆ, ಪೂರ್ತಿ ನಷ್ಟ ಆಟಗಾರನ ಖಾತೆಗೆ. ನಮ್ಮ ಎಕನಾಮಿಕ್ಸ್ ಪೀರಿಯಡ್‌ನಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತಿದ್ದರು. ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬ ಬೆಲೆ ತೆರೋದು.

ಆದರೆ ಆಟಗಾರರ ಕಡೆಯವರೂ ದೇವರಲ್ಲ. 2002, ಕ್ಯಾಲಿಫೋರ್ನಿಯಾದಲ್ಲಿ ಸ್ಕಿನ್ಸ್ ಗೇಮ್. ಟೈಗರ್ ವುಡ್ಸ್ ಮರಳುಗುಂಡಿಯಿಂದ ಚೆಂಡು ಹೊಡೆಯೋವಾಗ ಯಾರೋ ಕ್ಲಿಕ್ ಮಾಡಿದರು. ವುಡ್ಸ್ ಕ್ಯಾಡಿ ಸ್ಟೀವ್ ವಿಲಿಯಮ್ಸ್ ಕ್ಯಾಮೆರಾ ಕಿತ್ಕೊಂಡರು, ಅದು ಕೊನೆಗೆ ನೀರಿನ ಪಾಲಾಯ್ತು. ಅದರ ಬೆಲೆ ಸುಮಾರು 7 ಸಾವಿರ ಡಾಲರ್ ಅಂತ ಆಗ ವರದಿಯಾಗಿತ್ತು. ಕ್ಲಿಕ್ ಮಾಡಿದ್ದು ತಪ್ಪು, ಸರಿ. ಆದರೆ ಇನ್ನೊಬ್ಬರ ಅನ್ನದ ಸಾಧನವನ್ನ ನೀರಿಗೆ ಹಾಕೋದು ಯಾವ ಶಿಷ್ಟಾಚಾರ? ಮರ್ಯಾದೆ ಒಂದೇ ಕಡೆಗೆ ಹರಿದರೆ ಅದನ್ನ ದರ್ಪ ಅಂತಾರೆ.

ಅಲ್ಲಿಂದ ಮುಂದೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. 2006ರಲ್ಲಿ ಇಂಗ್ಲೆಂಡ್‌ನ ಹೊಯ್‌ಲೇಕ್‌ನಲ್ಲಿ ಓಪನ್ ಟೂರ್ನಿ ನಡೆದಾಗ ಮೊಬೈಲ್ ಕ್ಲಿಕ್‌ಗಳ ಕಾಟ ಎಷ್ಟಾಯ್ತು ಅಂದರೆ, ಆಮೇಲೆ ಸಂಘಟಕರು ಪ್ರೇಕ್ಷಕರ ಫೋನ್‌ಗೆ ನಿಷೇಧ ಹಾಕಿದರು. ನಿಷೇಧ ತೆಗೆದದ್ದು 2012ರಲ್ಲಿ. ಅಮೆರಿಕದ ಪಿಜಿಎ ಟೂರ್ 2011ರಲ್ಲಿ ಫೋನ್ ಒಳಗೆ ಬಿಟ್ಟಿತು, ಸೈಲೆಂಟ್‌ನಲ್ಲಿಡಿ ಅನ್ನೋ ಷರತ್ತಿನ ಮೇಲೆ. ಮಾಸ್ಟರ್ಸ್ ನಡೆಯೋ ಅಗಸ್ಟಾದಲ್ಲಿ ಮಾತ್ರ ಈಗಲೂ ಮೊಬೈಲ್ ಒಳಗೆ ಬರೋ ಹಾಗಿಲ್ಲ. ಅಭ್ಯಾಸದ ದಿನಗಳಲ್ಲಿ ಕ್ಯಾಮೆರಾ ತರಬಹುದು. ಮನೆಗೆ ಫೋನ್ ಮಾಡಬೇಕಾ? ಅಲ್ಲೇ ಸಾಲಾಗಿ ಸಾರ್ವಜನಿಕ ಫೋನ್ ಇಟ್ಟಿದ್ದಾರೆ!

2017ರಲ್ಲಿ ಸೋನಿ ಎ9 ಬಂತು. ಸದ್ದೇ ಇಲ್ಲದೆ ಸೆಕೆಂಡಿಗೆ 20 ಫೋಟೋ. ವೃತ್ತಿಪರರಿಗೆ ಕೋಲು ಇಳಿಯೋ ಕ್ಷಣವೂ ಸಿಗತೊಡಗಿತು. ಸರಿ, ಸದ್ದೇ ಹೋಯ್ತಲ್ಲ, ನಿಯಮವೂ ಹೋಗಬೇಕಲ್ವಾ?

ಇಲ್ಲ. ಯಾಕಂದರೆ ಸದ್ದು ಹೋದರೂ ಕೈ ಅಲ್ಲಾಡುತ್ತೆ, ನೆರಳು ಬೀಳುತ್ತೆ, ಫ್ಲ್ಯಾಶ್ ಮಿನುಗುತ್ತೆ. ಗಾಲ್ಫ್ ನಿಯಮ ಪುಸ್ತಕದ 1.2 ಆಟಗಾರರಿಗೇ ಹೇಳೋದೂ ಇದೇ: ಬೇರೆಯವರ ಆಟಕ್ಕೆ ಅಡ್ಡಿ ಮಾಡಬೇಡಿ. ಹಾಗಾಗಿ ನೀವು ಯಾವತ್ತಾದರೂ ಹೋದರೆ ಇಷ್ಟು ಸಾಕು. ಫೋನ್ ಸೈಲೆಂಟ್‌ನಲ್ಲಿಡಿ. ಫ್ಲ್ಯಾಶ್ ಬೇಡ. ಆಟಗಾರನ ಕಣ್ಣಿನ ನೇರಕ್ಕೆ ನಿಲ್ಲಬೇಡಿ. ಚೆಂಡು ಹೋದ ಮೇಲೆ ಒತ್ತಿ. ನೀವೇ ಆಡ್ತಿದ್ದರೆ, ಸೆಲ್ಫಿಗೋಸ್ಕರ ಹಿಂದಿನ ಗುಂಪನ್ನ ಕಾಯಿಸಬೇಡಿ.

ಕೊನೆಯದಾಗಿ ಇನ್ನೊಂದು ಫೋಟೋ. 2022ರ ಪಿಜಿಎ ಚಾಂಪಿಯನ್‌ಷಿಪ್. ವುಡ್ಸ್ ಹೊಡೀತಿದ್ದಾರೆ. ಹಿಂದೆ ನಿಂತಿರೋ ಜನರೆಲ್ಲ ಫೋನ್ ಎತ್ತಿದ್ದಾರೆ. ನಡುವೆ ಒಬ್ಬ ಮನುಷ್ಯ ಮಾತ್ರ ಎರಡೂ ಕೈಯಲ್ಲಿ ಬಿಯರ್ ಕ್ಯಾನ್ ಹಿಡ್ಕೊಂಡು, ಕಣ್ಣು ಬಿಟ್ಟು ಸುಮ್ಮನೆ ಆಟ ನೋಡ್ತಿದ್ದಾನೆ. ಜಗತ್ತು ಆ ಫೋಟೋದಲ್ಲಿ ವುಡ್ಸ್‌ಗಿಂತ ಅವನನ್ನೇ ನೋಡಿತು. ಬಿಯರ್ ಕಂಪನಿ ಅವನನ್ನ ಜಾಹೀರಾತಿಗೇ ಹಾಕ್ಕೊಂಡಿತು.

ಕಳೆದ ವರ್ಷ ನಾನು ಮತ್ತೆ ಹೋದೆ. ಈ ಸಲ ಕಾದೆ. ಟಕ್ ಅಂತ ಚೆಂಡು ಹೋಯ್ತು, ಆಮೇಲೆ ಒತ್ತಿದೆ. ಫೋಟೋದಲ್ಲಿ ಚೆಂಡಿಲ್ಲ. ಆಟಗಾರರು ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡ್ತಿದ್ದಾರೆ, ಎಲ್ಲಿ ಬೀಳುತ್ತೋ ಅನ್ನೋ ಆತಂಕ ಮುಖದ ತುಂಬಾ ಇದೆ. ನನ್ನ ಫೋನ್‌ನಲ್ಲಿರೋ ಗಾಲ್ಫ್ ಫೋಟೋ ಅದೊಂದೇ. ಮೊದಲ ಸಲದ್ದು ಅವತ್ತೇ ಡಿಲೀಟ್ ಮಾಡಿದ್ದೆ.

ಮುಂದಿನ ವಾರ ಸಿಗೋಣ. ನಮಸ್ಕಾರ.